ಮೊದಲ ಕಾರಿನ ಮೈಕಟ್ಟು

ಮಗನಿಗೋ ಮಗಳಿಗೋ ಹದಿನೆಂಟು ತುಂಬಿ, ಕಲಿಕೆಯ ಲೈಸೆನ್ಸಿನ ಅವಧಿ ಕಳೆದು, ಆರ್‌ಟಿಒ ಪರೀಕ್ಷೆಯೂ ಮುಗಿದು ಡಿಎಲ್ ಕೈಗೆ ಬಂದ ಮೇಲೆ, ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ನಡೆಯುವ ಏರ್ಪಾಡು ಬಹುಮಟ್ಟಿಗೆ ಒಂದೇ ಬಗೆಯದು: ತಂದೆಯಾದವನು ತನಗೊಂದು ಹೊಸ ಕಾರನ್ನು ಕೊಂಡು, ಹತ್ತು ಹನ್ನೆರಡು ವರ್ಷ ಓಡಿ ಸವೆದ ಹಳೆಯ ಸಣ್ಣ ಕಾರನ್ನು ಮಕ್ಕಳಿಗೆ ಬಿಟ್ಟುಕೊಡುತ್ತಾನೆ. ಕೈ ಪಳಗುವವರೆಗೆ ಇದು ಸಾಕು, ಹೇಗೂ ನಾಲ್ಕು ಕಡೆ ತಾಗಿಸಿಕೊಂಡು ಬರುವರು ಎಂಬುದು ಇದರ ಹಿಂದಿರುವ ತರ್ಕ. ಬಣ್ಣದ ಮೇಲೆ ಬೀಳುವ ಗೀರುಗಳ ಮಟ್ಟಿಗೆ ಈ ತರ್ಕ ನಿರ್ದುಷ್ಟವಾದುದು. ಒಳಗೆ ಕುಳಿತಿರುವ ಜೀವದ ಮಟ್ಟಿಗೆ ಸಂಪೂರ್ಣ ತಲೆಕೆಳಗಾದುದು. ಮನೆಯಲ್ಲಿ ಎರಡು ಕಾರುಗಳಿದ್ದರೆ ಅವುಗಳಲ್ಲಿ ಸುರಕ್ಷಿತವಾದುದು ಅನುಭವವಿಲ್ಲದವನಿಗೆ ಸಲ್ಲಬೇಕೆಂದು ನಾನು ನಂಬಿದ್ದೇನೆ. ಈ ನಂಬಿಕೆಗೆ ಆಧಾರವಿರುವುದು ವಾತ್ಸಲ್ಯದಲ್ಲಿ ಮಾತ್ರವಲ್ಲ, ಭೌತಶಾಸ್ತ್ರದಲ್ಲಿಯೂ ಉಂಟು.

ಚಲಿಸುವ ವಸ್ತುವಿನಲ್ಲಿ ಅಡಗಿರುವ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯತಕ್ಕದ್ದು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿರುವ ಕಾರು, ಒಣಗಿದ ಡಾಂಬರಿನ ಮೇಲೆ ಬ್ರೇಕನ್ನು ಬಲವಾಗಿ ಒತ್ತಿದಾಗ ಸುಮಾರು 7 ಮೀಟರಿನಲ್ಲಿ ನಿಂತರೆ, ಅದೇ ಕಾರು 72ರ ವೇಗದಲ್ಲಿ ನಿಲ್ಲಲು 28 ಮೀಟರನ್ನು ಬೇಡುತ್ತದೆ. ಇದಲ್ಲದೆ, ಕಣ್ಣು ಕಂಡ ಅಪಾಯವನ್ನು ಮನಸ್ಸು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬರುವ ಹೊತ್ತಿಗೆ ಕಳೆಯುವ ಒಂದು ಸೆಕೆಂಡಿನಲ್ಲಿ 20 ಮೀಟರು ರಸ್ತೆ ಹಿಂದೆ ಸರಿದಿರುತ್ತದೆ. ಎಮ್ಮೆ ರಸ್ತೆಗಿಳಿಯುವ ಮೊದಲೇ ಅದು ಇಳಿಯುವುದೆಂದು ಊಹಿಸುವ ಶಕ್ತಿ ಹಳಬರಿಗೆ ಬಂದಿರುತ್ತದೆ. ಹೊಸಬನಿಗೆ ಆ ಮುನ್ನರಿವು ಇಲ್ಲವಾದುದರಿಂದ, ಅವನ ವಾಹನವು ಡಿಕ್ಕಿಯನ್ನು ಎದುರಿಸಬೇಕಾದ ಸಂಭವವೇ ಹೆಚ್ಚು.

ಗಂಟೆಗೆ 64 ಕಿಲೋಮೀಟರ್ ವೇಗದ ಡಿಕ್ಕಿಯೆಂದರೆ 16 ಮೀಟರ್ ಎತ್ತರದಿಂದ, ಅಂದರೆ ಸುಮಾರು ಐದಂತಸ್ತಿನ ಕಟ್ಟಡದ ಮೇಲಿನಿಂದ, ನೆಲಕ್ಕೆ ಬಿದ್ದುದಕ್ಕೆ ಸಮ. ಅಷ್ಟೊಂದು ಶಕ್ತಿಯನ್ನು ದೇಹಕ್ಕೆ ತಾಕದಂತೆ ಕರಗಿಸುವುದು ಹೇಗೆ? ಆಸ್ಟ್ರಿಯದಲ್ಲಿ ಹುಟ್ಟಿ ಮರ್ಸಿಡಿಸ್ ಕಾರ್ಖಾನೆಯಲ್ಲಿ ದುಡಿದ ಬೇಲಾ ಬಾರೆನ್ಯಿ ಎಂಬ ತಂತ್ರಜ್ಞ, ಕಾರು ಗಟ್ಟಿಯಾದಷ್ಟೂ ಕ್ಷೇಮವೆಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಮುಂಭಾಗವೂ ಹಿಂಭಾಗವೂ ನಿಯತವಾಗಿ ಮುದುಡಿಕೊಳ್ಳಬೇಕು, ನಡುವಿನ ಕೋಣೆ ಮಾತ್ರ ಅಚಲವಾಗಿ ಉಳಿಯಬೇಕು ಎಂಬ ವಿಪರೀತವೆಂದು ತೋರುವ ತತ್ತ್ವವನ್ನು ಮುಂದಿಟ್ಟನು. 1959ರ ಮರ್ಸಿಡಿಸ್ ಕಾರುಗಳಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಮುಂಭಾಗ 60 ಸೆಂಟಿಮೀಟರಿನಷ್ಟು ಮುದುಡುತ್ತ ನಿಂತರೆ, ಬೆಲ್ಟು ಕಟ್ಟಿಕೊಂಡವನ ಮೇಲೆ ಬೀಳುವ ಬಲ ಅವನ ತೂಕದ ಸುಮಾರು 27 ಪಟ್ಟು. ಬೆಲ್ಟಿಲ್ಲದವನು, ಕಾರು ನಿಂತ ಮೇಲೂ ಹಳೆಯ ವೇಗದಲ್ಲಿಯೇ ಮುನ್ನುಗ್ಗಿ ಡ್ಯಾಶ್‌ಬೋರ್ಡಿಗೆ ಬಡಿದು ಐದು ಸೆಂಟಿಮೀಟರಿನೊಳಗೆ ನಿಲ್ಲಬೇಕಾದಾಗ, ಅದೇ ಬಲ 300 ಪಟ್ಟನ್ನು ಮೀರುತ್ತದೆ. ಮುಂಭಾಗದ ಲೋಹ ತಾನು ನುಗ್ಗಾಗಿ ಗಳಿಸಿಕೊಟ್ಟ ಅವಕಾಶದಲ್ಲಿ ದೇಹಕ್ಕೊಂದು ಪಾಲನ್ನು ದೊರಕಿಸುವುದೇ ಬೆಲ್ಟಿನ ಕೆಲಸ. ವಿಮಾನದಿಂದ ಚಾಲಕನನ್ನು ಹೊರಕ್ಕೆಸೆಯುವ ಆಸನಗಳನ್ನು ರೂಪಿಸಿ ಅನುಭವ ಪಡೆದಿದ್ದ ಸ್ವೀಡನ್ನಿನ ನಿಲ್ಸ್ ಬೊಹ್ಲಿನ್, ಎದೆಯನ್ನೂ ಸೊಂಟವನ್ನೂ ಏಕಕಾಲದಲ್ಲಿ ಹಿಡಿಯುವ ಮೂರು ನೆಲೆಗಳ ಬೆಲ್ಟನ್ನು ವೋಲ್ವೋ ಕಾರುಗಳಿಗಾಗಿ ನಿರ್ಮಿಸಿದ್ದೂ 1959ರಲ್ಲಿಯೇ. ಆ ಸಂಸ್ಥೆ ಅದರ ಪೇಟೆಂಟನ್ನು ಇತರ ತಯಾರಕರಿಗೂ ತೆರೆದಿಟ್ಟದ್ದು ಕೃತಜ್ಞತೆಯಿಂದ ಸ್ಮರಿಸತಕ್ಕ ಸಂಗತಿ.

ಈಗಿನ ಕಾರುಗಳೆಲ್ಲ ಬರಿಯ ತಗಡು, ಹಿಂದಿನವೇ ಉಕ್ಕು ಎಂದು ಹಿರಿಯರು ಆಡುವ ಮಾತಿಗೆ ಉತ್ತರವೂ ಇಲ್ಲಿಯೇ ಇದೆ. ನೋಡಬೇಕಾದುದು ತಗಡು ಬಾಗಿತೇ ಎಂಬುದನ್ನಲ್ಲ, ಕೋಣೆ ಉಳಿಯಿತೇ ಎಂಬುದನ್ನು. ಕಾರುಗಳ ಸುರಕ್ಷತೆಯನ್ನು ಪರೀಕ್ಷಿಸಿ ನಕ್ಷತ್ರಗಳಲ್ಲಿ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2014ರಲ್ಲಿ ನಮ್ಮ ದೇಶದಲ್ಲಿ ಚೆನ್ನಾಗಿ ಮಾರಾಟವಾಗುತ್ತಿದ್ದ ಐದು ಸಣ್ಣ ಕಾರುಗಳ ಏರ್‌ಬ್ಯಾಗಿಲ್ಲದ ಮಾದರಿಗಳನ್ನು 64ರ ವೇಗದಲ್ಲಿ ಡಿಕ್ಕಿ ಹೊಡೆಸಿದಾಗ, ಐದಕ್ಕೂ ವಯಸ್ಕರ ರಕ್ಷಣೆಯಲ್ಲಿ ಶೂನ್ಯ ನಕ್ಷತ್ರವೇ ಬಂದಿತು. ಅದರೊಳಗೂ ಒಂದು ಭೇದವಿತ್ತು: ಎರಡರ ಮೈಕಟ್ಟು ಸ್ಥಿರವಾಗಿ ನಿಂತಿತ್ತು, ಏರ್‌ಬ್ಯಾಗಿನ ಕೊರತೆ ಮಾತ್ರ, ಉಳಿದ ಮೂರರಲ್ಲಿ ಕೋಣೆಯೇ ಕುಸಿದುದರಿಂದ ಏರ್‌ಬ್ಯಾಗನ್ನು ಜೋಡಿಸಿದ್ದರೂ ಹೆಚ್ಚಿನ ಪ್ರಯೋಜನವಿರಲಿಲ್ಲ. ಮನೆಯಲ್ಲಿ ಉಳಿದುಕೊಂಡಿರುವ ಹಳೆಯ ಕಾರು ಬಹಳ ವೇಳೆ ಆ ಕಾಲದ್ದೇ. 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರಗಳನ್ನು ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ನಡೆಯುತ್ತಿದೆ. ಕೊಳ್ಳುವವರು ಮೊದಲು ತಿರುವಬೇಕಾದುದು ಅದರ ಫಲಿತಾಂಶಗಳ ಪಟ್ಟಿಯನ್ನು.

ತೂಕದ ವಿಚಾರವನ್ನೂ ಮರೆಯುವಂತಿಲ್ಲ. 800 ಕಿಲೋಗ್ರಾಮಿನ ಕಾರೊಂದೂ 1600 ಕಿಲೋಗ್ರಾಮಿನ ಕಾರೊಂದೂ ತಲಾ 50ರ ವೇಗದಲ್ಲಿ ಎದುರುಬದುರಾಗಿ ಬಡಿದು ಒಂದಕ್ಕೊಂದು ಕಚ್ಚಿಕೊಂಡರೆ, ಭಾರದ ಕಾರಿನ ವೇಗ 33ರಷ್ಟು ಬದಲಾಗುವಲ್ಲಿ ಹಗುರವಾದುದರ ವೇಗ 67ರಷ್ಟು ಬದಲಾಗುತ್ತದೆ, ಏಕೆಂದರೆ ಅದು ಹಿಮ್ಮುಖವಾಗಿಯೇ ತಳ್ಳಲ್ಪಡುವುದು. ಆದರೆ ಇದರಿಂದ ಬೃಹತ್ತಾದ ಎಸ್‌ಯುವಿಯೇ ಶ್ರೇಷ್ಠವೆಂಬ ತೀರ್ಮಾನಕ್ಕೆ ಧಾವಿಸಲಾಗದು. ಅದರ ಗುರುತ್ವಕೇಂದ್ರ ಎತ್ತರದಲ್ಲಿರುವುದರಿಂದ ಮಗುಚುವ ಭಯ ಹೆಚ್ಚು, ಅದು ತಾಕಿದ ಸ್ಕೂಟರಿನವನ ಪಾಡಂತೂ ಹೇಳತೀರದು. ನಡುಗಾತ್ರದ, ಸಾಧಾರಣ ಎಂಜಿನ್ನಿನ ಕಾರೇ ನನಗೆ ಯುಕ್ತವಾಗಿ ಕಾಣುತ್ತದೆ.

ಇನ್ನು, ಬೇರೆ ಯಾವ ಸಲಕರಣೆಗೂ ಕೊಡದ ಮಹತ್ತ್ವವನ್ನು ನಾನು ಇಎಸ್‌ಸಿ ಎಂಬ ಸ್ಥಿರತಾ ನಿಯಂತ್ರಣಕ್ಕೆ ಕೊಡುತ್ತೇನೆ. ಆಷಾಢದ ಮಳೆಯಲ್ಲಿ ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿರುವ ಹೊಸ ಚಾಲಕನನ್ನು ಊಹಿಸಿಕೊಳ್ಳಿ. ತಿರುವಿನ ನಡುವೆ ಬಸ್ಸೊಂದು ಎದುರಾಗುತ್ತದೆ. ಅವನು ಬೆಚ್ಚಿ ಸ್ಟೀರಿಂಗನ್ನು ಎಳೆಯುತ್ತಾನೆ. ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿಗಳು ಹಿಡಿತ ಬಿಟ್ಟು ಹೊರಕ್ಕೆ ಜಾರತೊಡಗುತ್ತವೆ. ಕಾರಿನೊಳಗಿನ ಪುಟ್ಟ ಗಣಕವು, ಸ್ಟೀರಿಂಗು ಯಾವ ಕಡೆಗೆ ತಿರುಗಿದೆ, ಕಾರಿನ ಮೈ ವಾಸ್ತವವಾಗಿ ಯಾವ ಕಡೆಗೆ ತಿರುಗುತ್ತಿದೆ ಎಂಬ ಎರಡನ್ನೂ ಸೆಕೆಂಡಿಗೆ ಸುಮಾರು 25 ಬಾರಿ ಹೋಲಿಸಿ ನೋಡುತ್ತಿದ್ದು, ಎರಡರ ನಡುವೆ ವ್ಯತ್ಯಾಸ ಕಂಡೊಡನೆ, ಚಾಲಕನ ಅಪ್ಪಣೆಗೆ ಕಾಯದೆ, ಹೊರಬದಿಯ ಮುಂಗಾಲಿ ಒಂದಕ್ಕೇ ಬ್ರೇಕು ಹಾಕುತ್ತದೆ. ಕಾರಿನ ಮೂತಿ ಮತ್ತೆ ರಸ್ತೆಗೆ ಹೊರಳುತ್ತದೆ. ಮುಂಗಾಲಿಗಳೇ ಜಾರಿದ್ದಲ್ಲಿ ಒಳಬದಿಯ ಹಿಂಗಾಲಿಯನ್ನು ತಡೆಯುವುದು. ಒಂದೊಂದೇ ಗಾಲಿಗೆ ಬ್ರೇಕು ಹಾಕುವ ಈ ಕೌಶಲ ಎಷ್ಟೇ ಪಳಗಿದ ಚಾಲಕನಿಗೂ ಅಸಾಧ್ಯ, ಅವನ ಕಾಲ ಕೆಳಗಿರುವುದು ಒಂದೇ ಪೆಡಲಷ್ಟೆ! ಬಾಷ್ ಸಂಸ್ಥೆ ರೂಪಿಸಿ 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂದ ಈ ಉಪಕರಣವನ್ನು ಅಮೆರಿಕವು 2012ರ ಮಾದರಿಯಿಂದ ಎಲ್ಲ ಕಾರುಗಳಿಗೂ ಕಡ್ಡಾಯ ಮಾಡಿತು. ಅದಕ್ಕಿಂತ ಹಳೆಯ ನಮ್ಮ ಸಣ್ಣ ಕಾರುಗಳಲ್ಲಿ ಇದನ್ನು ಕಾಣುವುದು ಅಪರೂಪ. ಒಂದೇ ಹೆಸರಿನ ಕಾರಿನ ಟಾಪ್ ಎಂಡಿನಲ್ಲಿದ್ದು ಬೇಸ್ ಮಾದರಿಯಲ್ಲಿ ಇಲ್ಲದಿರುವುದೂ ಉಂಟಾದುದರಿಂದ, ಹೆಸರನ್ನು ನೋಡಿ ತೃಪ್ತರಾಗದೆ ಆ ನಿರ್ದಿಷ್ಟ ಮಾದರಿಯನ್ನೇ ವಿಚಾರಿಸಬೇಕು. ಸನ್‌ರೂಫಿಗೆ ತೆರುವ ಹಣವನ್ನು ಇದಕ್ಕೆ ತೆರುವುದು ವಿವೇಕ.

ಹೊಸ ಕಾರು ಕೈಗೆಟುಕದವರು ಸೆಕೆಂಡ್ ಹ್ಯಾಂಡಿಗೆ ಹೋಗುವುದರಲ್ಲಿ ಕುಂದೇನೂ ಇಲ್ಲ, ಕಣ್ಣು ಮಾತ್ರ ಸೂಕ್ಷ್ಮವಾಗಿರಬೇಕು. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವುಂಟು; ಹೊತ್ತಲೇ ಇಲ್ಲವಾದರೆ ಶಂಕೆಗೆ ಇನ್ನೂ ಹೆಚ್ಚಿನ ಕಾರಣವುಂಟು, ಹಿಂದೊಮ್ಮೆ ಸಿಡಿದ ಬ್ಯಾಗನ್ನು ಮರಳಿ ಹಾಕಿಸದೆ ದೀಪವನ್ನೇ ಕಿತ್ತಿರಬಹುದು. ಬೆಲ್ಟನ್ನು ಥಟ್ಟನೆ ಎಳೆದರೆ ಅದು ಬಿಗಿದು ನಿಲ್ಲಬೇಕು. ಬಾನೆಟ್ಟಿನ ಎರಡು ಅಂಚುಗಳ ಸಂದು ಸಮವಾಗಿದೆಯೇ ನೋಡಿ. ಒಮ್ಮೆ ಮುದುಡಿ, ಟಿಂಕರಿಂಗಿನಿಂದ ನೆಟ್ಟಗಾದ ಮೈ ಎರಡನೆಯ ಸಲ ಮೊದಲಿನಂತೆ ಮುದುಡುವುದೆಂಬ ಭರವಸೆಯಿಲ್ಲ. ಮುಂದೆ ಬುಲ್ ಗಾರ್ಡ್ ಬಿಗಿದಿದ್ದರೆ ತೆಗೆಸಲೇಬೇಕು. ಅದು ಡಿಕ್ಕಿಯ ಪೆಟ್ಟನ್ನು, ಮುದುಡಬೇಕಾದ ಭಾಗವನ್ನು ದಾಟಿಸಿ, ನೇರವಾಗಿ ಚಾಸಿಗೆ ಒಯ್ಯುತ್ತದೆ, ನಿಯಮಕ್ಕೂ ವಿರುದ್ಧವಾದುದು.

ಟೈರಿನ ಪಕ್ಕೆಯ ಮೇಲೆ ಅಚ್ಚೊತ್ತಿರುವ ಅಕ್ಷರಗಳ ಸಾಲಿನ ಕೊನೆಗೆ ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕಿಗಳಿರುತ್ತವೆ: 3519 ಎಂದಿದ್ದರೆ ಅದು ಹುಟ್ಟಿದ್ದು 2019ನೆಯ ವರ್ಷದ 35ನೆಯ ವಾರದಲ್ಲಿ. ಹೆಚ್ಚು ಓಡದ ಕಾರಿನ ಟೈರು ಗೀರು ಸವೆಯದೆ ಹೊಸದರಂತೆ ಕಂಡರೂ, ವರ್ಷಗಳು ಕಳೆದಂತೆ ರಬ್ಬರು ಗಡುಸಾಗಿ ಒದ್ದೆ ನೆಲದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಮೇಲೆ ಹೇಳಿದ ಬ್ರೇಕೂ ಇಎಸ್‌ಸಿಯೂ ತಮ್ಮ ಚಾತುರ್ಯವನ್ನೆಲ್ಲ ತೋರಿಸಬೇಕಾದುದು, ಒಂದೊಂದೂ ಅಂಗೈಯಗಲದ, ಈ ನಾಲ್ಕು ರಬ್ಬರಿನ ತುಂಡುಗಳ ಮೂಲಕವೇ. ಆದುದರಿಂದ ಕಾರಿನ ಬೆಲೆಯನ್ನು ಚೌಕಾಸಿ ಮಾಡುವಾಗಲೇ ಹೊಸ ಟೈರುಗಳ ಹಣವನ್ನು ಪ್ರತ್ಯೇಕವಾಗಿ ತೆಗೆದಿರಿಸತಕ್ಕದ್ದು.