ಎಲ್ಲದಕ್ಕೂ 'ಟೆನ್ಷನ್' ಅಂದರೆ ಸಾಲದು

ಪರೀಕ್ಷೆಯ ವೇಳಾಪಟ್ಟಿ ನೋಟಿಸ್ ಬೋರ್ಡಿಗೆ ಬಂದ ದಿನದಿಂದ ನಮ್ಮ ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಇಂಗ್ಲಿಷ್ ಪದ: ಟೆನ್ಷನ್. ಬ್ಯಾಲೆನ್ಸ್ ಶೀಟ್ ತಾಳೆಯಾಗದಿದ್ದರೂ ಟೆನ್ಷನ್, ದೇವದುರ್ಗದ ಬಸ್ ತಡವಾದರೂ ಟೆನ್ಷನ್, ಮನೆಯಲ್ಲಿ ಅಬ್ಬಾಗೆ ಹುಷಾರಿಲ್ಲದಿದ್ದರೂ ಟೆನ್ಷನ್. ಆದರೆ ಈ ಮೂರೂ ಒಂದೇ ಅಲ್ಲ. ಮೊದಲನೆಯದಕ್ಕೆ ಲೆಕ್ಚರರ್ ಸಹಾಯ ಮಾಡಬಲ್ಲರು. ಎರಡನೆಯದಕ್ಕೆ ಅರ್ಧ ಗಂಟೆ ಕಾದರೆ ಸಾಕು. ಮೂರನೆಯದಕ್ಕೆ ಯಾರಾದರೂ ಪಕ್ಕದಲ್ಲಿ ಕೂತು ಕೇಳಬೇಕು. ಎಲ್ಲವನ್ನೂ ಒಂದೇ ಪದದಲ್ಲಿ ಹೇಳಿದರೆ ನಮಗೆ ಯಾವ ಸಹಾಯ ಬೇಕು ಎಂದು ಕೇಳುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ಚಿಂತೆ ಮತ್ತು ಅನಿಶ್ಚಿತತೆಯನ್ನು ಹೇಳುವ ಕೆಲವು ಇಂಗ್ಲಿಷ್ ಪದಗಳನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ನಮ್ಮ ಮನೆಯ ಪದಗಳನ್ನು ನೋಡೋಣ. ನಮ್ಮ ಅಮ್ಮಿ "ಫಿಕರ್ ನಕ್ಕೊ ಕರ್" ಅನ್ನುತ್ತಾರೆ. ಪಕ್ಕದ ಮನೆಯವರು ಅದನ್ನೇ ಕನ್ನಡದಲ್ಲಿ "ಫಿಕೀರ್ ಮಾಡಬ್ಯಾಡ" ಅನ್ನುತ್ತಾರೆ. ಫಿಕರ್ ಅರಬ್ಬಿಯಿಂದ ಬಂದ ಪದ, ಅದರ ಮೂಲ ಅರ್ಥ ಯೋಚನೆ. ಸಂಸ್ಕೃತದಿಂದ ಬಂದ ಚಿಂತೆಯ ಮೂಲ ಅರ್ಥವೂ ಯೋಚನೆಯೇ. ಇಂಗ್ಲಿಷಿನ 'ವರಿ' ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಕುತ್ತಿಗೆ ಹಿಸುಕು ಎಂಬ ಅರ್ಥವಿತ್ತು. 'ಆಂಕ್ಷಿಯಸ್' ಪದದ ಲ್ಯಾಟಿನ್ ಮೂಲಕ್ಕೂ ಬಿಗಿಯಾಗಿ ಹಿಸುಕು ಎಂದೇ ಅರ್ಥ. ನಮ್ಮಲ್ಲಿ ಚಿಂತೆ ತಲೆಯಲ್ಲಿ, ಅವರಲ್ಲಿ ಗಂಟಲಲ್ಲಿ ಎಂದು ನೆನಪಿಟ್ಟುಕೊಂಡರೆ ಈ ಪದಗಳು ಮರೆಯುವುದಿಲ್ಲ.

ಇನ್ನೊಂದು ವ್ಯತ್ಯಾಸವಿದೆ. ಕನ್ನಡದಲ್ಲಿ "ನನಗೆ ಭಯ ಆಗಿದೆ", ಉರ್ದುವಿನಲ್ಲಿ "ಮುಝೆ ಫಿಕರ್ ಹೈ" ಅನ್ನುತ್ತೇವೆ. ಎರಡರಲ್ಲೂ ಚಿಂತೆ 'ನನಗೆ' ಬರುತ್ತದೆ. ಇಂಗ್ಲಿಷಿನಲ್ಲಿ ಮಾತು 'ನಾನು' ಎಂದು ಶುರುವಾಗುತ್ತದೆ: "ಐ ಆಮ್ ವರೀಡ್". ನಾವು "ಐ ಆಮ್ ಹ್ಯಾವಿಂಗ್ ಟೆನ್ಷನ್" ಎಂದು ಹೇಳುವುದಕ್ಕೆ ಈ ವ್ಯತ್ಯಾಸವೇ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಈಗ ಪದಗಳು. ಮುಂದೆ ಒಂದು ವೈವಾ ಅಥವಾ ಸಂದರ್ಶನ ಇದ್ದಾಗ ಎದೆ ಡವಡವ ಅನ್ನುವುದು 'ನರ್ವಸ್'. ವೈವಾ ಮುಗಿದರೆ ಅದೂ ಮುಗಿಯುತ್ತದೆ. ಇಂಥದ್ದೇ ಎಂದು ತೋರಿಸಬಹುದಾದ ಕಾರಣ ಇದ್ದರೆ 'ವರೀಡ್'. ಹಾಜರಾತಿ ಶೇ 75 ತಲುಪದಿದ್ದರೆ "ಐ ಆಮ್ ವರೀಡ್ ಅಬೌಟ್ ಮೈ ಅಟೆಂಡೆನ್ಸ್" ಅನ್ನಬೇಕು. ಕಾರಣ ಸರಿಯಾಗಿ ಗೊತ್ತಿಲ್ಲದೆ ದಿನಗಟ್ಟಲೆ ಉಳಿಯುವ ಕಳವಳಕ್ಕೆ 'ಆಂಕ್ಷಿಯಸ್'. ಒಮ್ಮೆಲೇ ಕೈಕಾಲು ಆಡದಂತಾಗುವ ಗಾಬರಿ 'ಪ್ಯಾನಿಕ್', ಉರ್ದುವಿನ ಘಬರಾಹಟ್. ಆಗಿಹೋದ ಸಂಗತಿಗೆ ಮನಸ್ಸು ಕೆಟ್ಟರೆ 'ಅಪ್‌ಸೆಟ್'. ಬೇರೆಯವರ ಬಗ್ಗೆ ಕಾಳಜಿ ಇದ್ದರೆ 'ಕನ್ಸರ್ನ್ಡ್'. ಲೆಕ್ಚರರ್ "ಐ ಆಮ್ ಕನ್ಸರ್ನ್ಡ್ ಅಬೌಟ್ ಯು" ಅಂದರೆ ಅವರು ಸಿಟ್ಟಾಗಿಲ್ಲ, ಅವರಿಗೆ ನಮ್ಮ ಮೇಲೆ ಕಾಳಜಿ ಇದೆ.

ಎರಡು ಪದಗಳಲ್ಲಿ ಜಾಗ್ರತೆ ಬೇಕು. ತರಗತಿಯಲ್ಲಿ "ಐ ಹ್ಯಾವ್ ಎ ಡೌಟ್" ಅಂದರೆ ನಮ್ಮಲ್ಲಿ ಪ್ರಶ್ನೆ ಇದೆ ಎಂದು ಅರ್ಥ. ಹೊರದೇಶದವರಿಗೆ ಅದು 'ನೀವು ಹೇಳಿದ್ದರಲ್ಲಿ ನಂಬಿಕೆ ಇಲ್ಲ' ಎಂದು ಕೇಳಿಸಬಹುದು. ಅಲ್ಲಿ 'ಕ್ವೆಶ್ಚನ್' ಅನ್ನುವುದು ಒಳ್ಳೆಯದು. "ಐ ಆಮ್ ಅಫ್ರೇಡ್ ದ ಸೀಟ್ಸ್ ಆರ್ ಫುಲ್" ಎಂದು ಆಫೀಸಿನವರು ಹೇಳಿದರೆ ಅವರಿಗೆ ಹೆದರಿಕೆ ಆಗಿಲ್ಲ. ಇಲ್ಲ ಎನ್ನುವುದನ್ನು ಮರ್ಯಾದೆಯಿಂದ ಹೇಳುತ್ತಿದ್ದಾರೆ, ಅಷ್ಟೇ.

ಇನ್ನು ಅನಿಶ್ಚಿತತೆ. ಕನ್ನಡದಲ್ಲಿ ಬರುತ್ತದೆ, ಬರಬಹುದು, ಬರಲಿಕ್ಕಿಲ್ಲ, ಬರುವುದಿಲ್ಲ ಎಂದು ಮೆಟ್ಟಿಲುಗಳಿವೆ. ಇಂಗ್ಲಿಷಿನಲ್ಲಿ 'ವಿಲ್', 'ಪ್ರಾಬಬ್ಲಿ', 'ಮೇ', 'ಮೈಟ್' ಎಂದು ಇಳಿಯುತ್ತಾ ಹೋಗಬೇಕು. ಭಾರತೀಯ ಹವಾಮಾನ ಇಲಾಖೆ ಇಂಥ ಪದಗಳಿಗೆ ಅಂಕಿಯನ್ನೇ ಕೊಟ್ಟಿದೆ. ಸಾಧ್ಯತೆ ಶೇ 25ಕ್ಕಿಂತ ಕಡಿಮೆ ಇದ್ದರೆ 'ಅನ್‌ಲೈಕ್ಲಿ', 25ರಿಂದ 50 ಇದ್ದರೆ 'ಲೈಕ್ಲಿ', 50ರಿಂದ 75 ಇದ್ದರೆ 'ವೆರಿ ಲೈಕ್ಲಿ', ಅದಕ್ಕೂ ಹೆಚ್ಚಿದ್ದರೆ 'ಮೋಸ್ಟ್ ಲೈಕ್ಲಿ'. ಅಂದರೆ ಬರೀ 'ಲೈಕ್ಲಿ' ಎಂದಿದ್ದರೆ ಮಳೆ ಬಾರದೆಯೂ ಇರಬಹುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಹಾಕುವ ಮಾನ್ವಿ ಕಡೆಯ ರೈತರಿಗೆ ಅದು ದೊಡ್ಡ ಸುದ್ದಿ. ಬೆಳೆ 'ಹೋಯ್ತು' ಅನ್ನುವುದು ಬೇರೆ, 'ಹೋಗಬಹುದು' ಅನ್ನುವುದು ಬೇರೆ. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿ ನೀರು ನಿಲ್ಲಿಸಿದರು. 'ಬಹುದು' ಎನ್ನುವಷ್ಟು ದಿನ ಮಾಡಲು ಕೆಲಸ ಉಳಿದಿರುತ್ತದೆ.

ಆಸ್ಪತ್ರೆಯ ಚೀಟಿಯಲ್ಲೂ ಹೀಗೆಯೇ. ನಮ್ಮ ಗಲ್ಲಿಯ ಒಬ್ಬರ ಚೀಟಿಯಲ್ಲಿ 'ರೂಲ್ ಔಟ್ ಟಿಬಿ' ಎಂದು ಬರೆದಿತ್ತು. ಟಿಬಿ ಎಂಬ ಅಕ್ಷರ ನೋಡಿ ಮನೆಯವರೆಲ್ಲ ಎರಡು ದಿನ ಊಟ ಬಿಟ್ಟಿದ್ದರು. 'ರೂಲ್ ಔಟ್' ಅಂದರೆ ಆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಪರೀಕ್ಷೆ ಮಾಡಿಸಿ ಎಂದು. 'ಸಸ್ಪೆಕ್ಟೆಡ್' ಅಂದರೆ ಅನುಮಾನ, 'ಕನ್ಫರ್ಮ್ಡ್' ಅಂದರೆ ಖಚಿತ. ಈ ಮೂರು ಪದ ಪ್ರತಿ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕು.

ಕಾಮರ್ಸ್‌ನವರಿಗೆ ಇದು ಹೊಸದಲ್ಲ. ವಾಪಸ್ ಬರುವುದೇ ಇಲ್ಲ ಎಂದು ತಿಳಿದ ಸಾಲ 'ಬ್ಯಾಡ್ ಡೆಟ್'. ಬರುತ್ತದೋ ಇಲ್ಲವೋ ಎಂಬ ಸಾಲ 'ಡೌಟ್‌ಫುಲ್ ಡೆಟ್'. ಎರಡನೆಯದನ್ನು ನಾವು ಪುಸ್ತಕದಿಂದ ಹೊಡೆದುಹಾಕುವುದಿಲ್ಲ, ಅದಕ್ಕೆ ಪ್ರೊವಿಷನ್ ಮಾಡಿ ಇಡುತ್ತೇವೆ. ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ 'ರಿಸ್ಕ್' ಮತ್ತು 'ಅನ್‌ಸರ್ಟನ್ಟಿ' ಬೇರೆ ಬೇರೆ ಎಂದರು. ಸಾಧ್ಯತೆಯನ್ನು ಲೆಕ್ಕ ಹಾಕಬಹುದಾದರೆ ರಿಸ್ಕ್, ಲೆಕ್ಕಕ್ಕೇ ಸಿಗದಿದ್ದರೆ ಅನ್‌ಸರ್ಟನ್ಟಿ.

ಇದೆಲ್ಲ ಬರೀ ಅಂಕಗಳಿಗಾಗಿ ಅಲ್ಲ. ದೇವದುರ್ಗ ಕಡೆಯ ನನ್ನ ಗೆಳತಿಯೊಬ್ಬಳು ಹಾಸ್ಟೆಲಿನಲ್ಲಿದ್ದಾಳೆ. ಅವಳ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಕಳೆದ ವರ್ಷ ಒಂದು ತಿಂಗಳು ಯಾರು ಕೇಳಿದರೂ ಅವಳು "ಟೆನ್ಷನ್" ಎಂದಷ್ಟೇ ಹೇಳುತ್ತಿದ್ದಳು. ಎಲ್ಲರೂ ಪರೀಕ್ಷೆಯದು ಅಂದುಕೊಂಡರು. ಒಂದು ದಿನ ಇಂಗ್ಲಿಷ್ ತರಗತಿಯ ಪತ್ರಲೇಖನದಲ್ಲಿ ಅವಳು ಬರೆದ ಸಾಲಿನ ಅರ್ಥ ಇಷ್ಟು: ಹತ್ತಿ ಬೆಲೆ ಬಿದ್ದಿದೆ, ಅಪ್ಪ ನನ್ನ ಓದು ನಿಲ್ಲಿಸಬಹುದು ಎಂದು ಚಿಂತೆಯಾಗಿದೆ. ಅದರಲ್ಲಿ 'ವರೀಡ್' ಇತ್ತು, 'ಮೇ' ಇತ್ತು. ಓದಿದ ಮೇಡಂಗೆ ಕಾರಣವೂ ಗೊತ್ತಾಯಿತು, ಇನ್ನೂ ಏನೂ ತೀರ್ಮಾನ ಆಗಿಲ್ಲ ಎಂಬುದೂ ಗೊತ್ತಾಯಿತು. ಅವರು ಊರಿಗೆ ಫೋನ್ ಮಾಡಿ ತಂದೆಯ ಜೊತೆ ಮಾತಾಡಿದರು, ಸ್ಕಾಲರ್‌ಶಿಪ್ ಅರ್ಜಿ ತುಂಬಿಸಿದರು. ಅವಳು ಈಗ ನಮ್ಮ ಜೊತೆ ದ್ವಿತೀಯ ಪಿಯುಸಿಯಲ್ಲಿದ್ದಾಳೆ.

ಮುಂದಿನ ಸಲ ಬಾಯಿಗೆ ಟೆನ್ಷನ್ ಎಂದು ಬಂದರೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಯಾವುದರ ಬಗ್ಗೆ? ಆಗಿಹೋಗಿದೆಯೋ, ಆಗಬಹುದೋ? ಉತ್ತರವನ್ನು "ಐ ಆಮ್ ವರೀಡ್ ದಟ್" ಎಂದು ಶುರುಮಾಡಿ ಒಂದು ಸಾಲು ಬರೆಯಿರಿ. ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲೋ ಉರ್ದುವಿನಲ್ಲೋ ಬರೆದು ಆಮೇಲೆ ಪದ ಹುಡುಕಿ. ಕಳವಳ ತುಂಬಾ ದಿನ ಬಿಡದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಇದರ ಸಂಖ್ಯೆ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯೂ ಅವರು ಮೊದಲು ತಿಳಿಯಬೇಕಾದದ್ದು ನಿಮಗೆ ನಿಜವಾಗಿ ಏನಾಗುತ್ತಿದೆ ಎಂಬುದನ್ನೇ.