ಜೇಬಿಗಿಳಿದ ದೊಡ್ಡ ನೆಗೆಟಿವ್

ಫೋಟೊ ಹಿಗ್ಗಿಸಿದರೂ ನವಿರಾಗಿ ಉಳಿಯಬೇಕಾದರೆ ನೆಗೆಟಿವ್ ದೊಡ್ಡದಿರಬೇಕು. ನೆಗೆಟಿವ್ ದೊಡ್ಡದಾದಷ್ಟೂ ಲೆನ್ಸ್ ಅದರಿಂದ ದೂರ ನಿಲ್ಲಬೇಕು, ಕ್ಯಾಮೆರಾ ಪೆಟ್ಟಿಗೆಯಾಗಿಬಿಡುತ್ತದೆ. ಈ ಕಗ್ಗಂಟನ್ನು ಬಿಡಿಸಲು ಹುಟ್ಟಿದ್ದೇ ಮಡಚುವ ಕ್ಯಾಮೆರಾ. ಲೆನ್ಸಿಗೂ ಫಿಲ್ಮಿಗೂ ನಡುವೆ ಹಾರ್ಮೋನಿಯಂನದರಂತೆ ಮಡಿಕೆಮಡಿಕೆಯಾದ ತಿದಿ. ಮುಚ್ಚಿದರೆ ಎಲ್ಲವೂ ಒಳಗೆ. ಕೊಡಾಕ್ 1890ರ ದಶಕದ ಕೊನೆಯಲ್ಲೇ ಇಂಥದ್ದನ್ನು ಜೇಬಿನ ಕ್ಯಾಮೆರಾ ಎಂದು ಮಾರಿತು.

ಇಂಥ ಕ್ಯಾಮೆರಾಗಳಿಗೆ ಇಂದಿಗೂ ಸಿಗುವ 120 ಫಿಲ್ಮ್ ಬಂದದ್ದು 1901ರಲ್ಲಿ, ಬ್ರೌನಿ ಎಂಬ ಡಬ್ಬಿ ಕ್ಯಾಮೆರಾಕ್ಕಾಗಿ. ಫಿಲ್ಮಿನ ಬೆನ್ನಿಗೆ ಕಾಗದ, ಕಾಗದದ ಮೇಲೆ ಅಂಕಿ, ಅದನ್ನು ಓದಲು ಕ್ಯಾಮೆರಾದ ಹಿಂಬದಿಯಲ್ಲಿ ಪುಟ್ಟ ಕೆಂಪು ಕಿಟಕಿ. ಆಗಿನ ಫಿಲ್ಮುಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ಹಾಗಾಗಿ ಕಿಟಕಿ ತೆರೆದಿದ್ದರೂ ನಡೆಯುತ್ತಿತ್ತು. ಈಗಿನ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗೆ ಕಾಣುತ್ತದೆ. ಕಿಟಕಿಗೆ ಮುಚ್ಚಳವಿದೆಯೇ ಎಂದು ಹಳೆಯ ಕ್ಯಾಮೆರಾ ಕೊಳ್ಳುವವರು ನೋಡಬೇಕಾದದ್ದು ಅದಕ್ಕೇ.

ಮಡಚುವ ಕ್ಯಾಮೆರಾ ನಿಜವಾಗಿ ಪಕ್ವವಾದದ್ದು ಜರ್ಮನಿಯಲ್ಲಿ. ನಾಲ್ಕು ಕಂಪನಿಗಳು ಒಂದಾಗಿ 1926ರಲ್ಲಿ ಡ್ರೆಸ್ಡೆನ್‌ನಲ್ಲಿ ಜೈಸ್ ಐಕಾನ್ ಆಯಿತು. 1929ರಲ್ಲಿ ಬಂತು ಇಕೊಂಟಾ: ಗುಂಡಿ ಒತ್ತಿದರೆ ಮುಚ್ಚಳ ಬಿದ್ದು, ಲೆನ್ಸ್ ತಾನಾಗಿ ಮುಂದೆ ಬಂದು ಗಟ್ಟಿಯಾಗಿ ನಿಲ್ಲುತ್ತಿತ್ತು. ಕಂಪನಿಯನ್ನು ಮುನ್ನಡೆಸುತ್ತಿದ್ದ ವಿಜ್ಞಾನಿ ಇಮ್ಯಾನುಯೆಲ್ ಗೋಲ್ಡ್‌ಬರ್ಗ್ ಯಹೂದಿ. 1933ರಲ್ಲಿ ನಾಜಿಗಳು ಅವರನ್ನು ಅಪಹರಿಸಿ ರಾಜೀನಾಮೆ ಬರೆಸಿಕೊಂಡರು. ಅವರು ದೇಶ ಬಿಟ್ಟರು. ಮರುವರ್ಷ ಸೂಪರ್ ಇಕೊಂಟಾ ಮಾರುಕಟ್ಟೆಗೆ ಬಂತು.

ಅದರ ದೂರಮಾಪಕ ನನ್ನ ಮಟ್ಟಿಗೆ ಆ ಕಾಲದ ಅತಿ ಜಾಣ ಕೆಲಸ. ಮಡಚುವ ಕ್ಯಾಮೆರಾದಲ್ಲಿ ಲೆನ್ಸನ್ನೂ ದೂರಮಾಪಕವನ್ನೂ ಲೋಹದ ಸರಳಿನಿಂದ ಜೋಡಿಸುವುದು ಕಷ್ಟ, ಜೋಡಿಸಿದರೂ ಮಡಚಿ ಬಿಚ್ಚಿ ಲೆಕ್ಕ ತಪ್ಪುತ್ತದೆ. ಜೈಸ್‌ನವರು ಲೆನ್ಸಿನ ಪಕ್ಕದ ಪುಟ್ಟ ತೋಳಿನಲ್ಲಿ ಓರೆ ಕೊರೆದ ಎರಡು ಗಾಜುಗಳನ್ನಿಟ್ಟರು. ಫೋಕಸ್ ತಿರುಗಿಸಿದಂತೆ ಅವು ಒಂದಕ್ಕೊಂದು ವಿರುದ್ಧವಾಗಿ ತಿರುಗಿ ಬೆಳಕಿನ ದಾರಿಯನ್ನು ಬಾಗಿಸುತ್ತವೆ. ತೋಳಿಗೂ ಕ್ಯಾಮೆರಾ ಒಡಲಿಗೂ ನಡುವಿನ ಕೊಂಡಿ ಬೆಳಕೊಂದೇ. ಅದು ಸವೆಯುವುದಿಲ್ಲ.

ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಇದೇ ವಿನ್ಯಾಸವನ್ನು ‘ಮಾಸ್ಕ್ವಾ’ ಹೆಸರಿನಲ್ಲಿ ತಯಾರಿಸಿತು. ಮ್ಯೂನಿಕ್‌ನ ಆಗ್ಫಾ ಐಸೊಲೆಟ್ ಎಂಬ ಅಗ್ಗದ ಮಡಚುವ ಕ್ಯಾಮೆರಾಗಳನ್ನು ಮಾಡಿತು. ಅಷ್ಟರಲ್ಲಿ 35 ಎಂಎಂ ಕ್ಯಾಮೆರಾ ಗೆದ್ದಾಗಿತ್ತು. 2009ರಲ್ಲಿ ಫ್ಯೂಜಿಫಿಲ್ಮ್ ಜಿಎಫ್670 ತಂದದ್ದು ಬಿಟ್ಟರೆ ಇಂದು ಕೈಗೆ ಸಿಗುವುದು ಬಹುತೇಕ ಹಳೆಯ ಜೀವಗಳೇ.

ಅವುಗಳನ್ನು ಕೊಳ್ಳುವಾಗ ಮೊದಲು ಕತ್ತಲೆ ಕೋಣೆಗೆ ಹೋಗಿ, ಹಿಂಬದಿ ತೆರೆದು, ತಿದಿಯೊಳಗೆ ಟಾರ್ಚ್ ಹಾಕಿ. ಮಡಿಕೆಯ ಮೂಲೆಗಳಲ್ಲಿ ನಕ್ಷತ್ರಗಳಂತೆ ಬೆಳಕು ಕಂಡರೆ ತೂತು ಬಿದ್ದಿದೆ. ಐಸೊಲೆಟ್‌ಗಳಲ್ಲಿ ಇದು ಸಾಮಾನ್ಯ. ಅವುಗಳ ಹಸಿರು ಗ್ರೀಸು ಒಣಗಿ ಫೋಕಸ್ ಬಿಗಿಯಾಗುವುದೂ ಅಷ್ಟೇ ಸಾಮಾನ್ಯ. ಬಲವಂತವಾಗಿ ತಿರುಗಿಸಬೇಡಿ. ಷಟರನ್ನು ಒಂದು ಸೆಕೆಂಡಿಗಿಟ್ಟು ಕಿವಿಗೊಡಿ. ನಡುವೆ ನಿಂತರೆ ಒಳಗೆ ಅಂಟಿದೆ. ಅದಕ್ಕೆ ಎಣ್ಣೆ ಬಿಡುವುದು ದೊಡ್ಡ ತಪ್ಪು, ಬಲ್ಲ ಮೆಕ್ಯಾನಿಕ್ ಕೈಗೆ ಕೊಟ್ಟು ಸ್ವಚ್ಛಗೊಳಿಸಿ. ಕೊಡಾಕ್‌ನ ಕೆಲವು ಮಾದರಿಗಳಿಗೆ 620 ಸ್ಪೂಲ್ ಬೇಕು. ಫಿಲ್ಮ್ ಅದೇ ಅಗಲದ್ದು, ಸ್ಪೂಲ್ ಮಾತ್ರ ತೆಳ್ಳಗಿನದು. ಕೊಡಾಕ್ ಅದನ್ನು 1995ರಲ್ಲಿ ನಿಲ್ಲಿಸಿತು, ಹಾಗಾಗಿ ಹೊಸಬರು ಅವುಗಳಿಂದ ದೂರವಿರುವುದು ಲೇಸು.

ಬಳಸುವಾಗ ಮುಚ್ಚಳವನ್ನು ಕೈಯಿಂದ ತಡೆದು ನಿಧಾನಕ್ಕೆ ಬಿಚ್ಚಿ. ಫಟ್ಟನೆ ಬಿಚ್ಚಿದರೆ ಹಿಗ್ಗುವ ತಿದಿ ಗಾಳಿ ಎಳೆಯುತ್ತದೆ, ಜೊತೆಗೆ ಫಿಲ್ಮನ್ನೂ ಎಳೆದು ಉಬ್ಬಿಸುತ್ತದೆ, ಚಿತ್ರ ಮಸುಕಾಗುತ್ತದೆ. ಬಿಚ್ಚಿದ ಮೇಲೆ ಫಿಲ್ಮ್ ಸುತ್ತಿದರೆ ಅದು ಮತ್ತೆ ಚಪ್ಪಟೆಯಾಗುತ್ತದೆ. ಮಲೆನಾಡು, ಕರಾವಳಿಯವರಂತೂ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಡಲೇಬಾರದು, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿ ಸಾಕು.

ಮೊದಲ ಬಾರಿಗೆ ಕೊಳ್ಳುವವರು ಹೆಸರಿಗೆ ಮರುಳಾಗದೆ, ತಿದಿ ಗಟ್ಟಿಯಿರುವ ಸರಳ ಇಕೊಂಟಾ ಒಂದನ್ನು ಆರಿಸಲಿ. 6×6 ಸೆಂ.ಮೀ.ನ ಅದರ ನೆಗೆಟಿವ್ 35 ಎಂಎಂನದಕ್ಕಿಂತ ಮೂರೂವರೆ ಪಟ್ಟು ದೊಡ್ಡದು; ಎಫ್/8ರಲ್ಲಿ ತೆಗೆದರೆ ಅದರ ಸಾಧಾರಣ ನೋವಾರ್ ಲೆನ್ಸ್ ಕೂಡ ನಿರಾಸೆ ಮಾಡುವುದಿಲ್ಲ.