ಎಂಜಿನ್ ಆಯಿಲ್ ಸೋರ್ತಿದೆಯಾ? ಪ್ಯಾಕಿಂಗ್ ಬದಲಿಸೋ ಮುಂಚೆ ಸೋರೋ ಜಾಗ ಹುಡುಕಿ

ಭದ್ರಾ ನಾಲೆಗೆ ಬೇಸಿಗೆ ಬೆಳೆಯ ನೀರು ಬಿಟ್ಟ ವಾರ ಅದು. ನಮ್ಮ ಟ್ರ್ಯಾಕ್ಟರ್ ರಾತ್ರಿ ನಿಲ್ಲೋದು ಹುಲ್ಲಿನ ಬಣವೆ ಪಕ್ಕ. ಬೆಳಿಗ್ಗೆ ದನಕ್ಕೆ ಹುಲ್ಲು ಹಾಕಲು ಹೋದ ಅಮ್ಮ, "ಇದೇನೋ, ಹುಲ್ಲಿಗೆಲ್ಲ ಎಣ್ಣೆ ಆಗೈತಿ, ದನ ಮೂಸಿ ನೋಡಿ ಬಿಟ್ಟವು" ಅಂತ ಕೂಗಿದಳು. ಹೋಗಿ ನೋಡಿದರೆ ಎಂಜಿನ್ ಕೆಳಗೆ ತಟ್ಟೆಯಗಲ ಕಪ್ಪು ಕಲೆ.

ಹಳೇ ಗಾಡಿ, ಸ್ವಲ್ಪ ಸೋರುತ್ತೆ ಬಿಡು ಅಂತ ನಾನೂ ಎಷ್ಟೋ ದಿನ ಸುಮ್ಮನಿದ್ದೆ. ಅವತ್ತು ಮಾತ್ರ ಕೆಮ್ಮಿನ ಔಷಧಿಯ 15 ಮಿ.ಲೀ. ಮುಚ್ಚಳ ತಂದು, ಎಂಜಿನ್ ಚಾಲೂ ಮಾಡಿ, ಹನಿ ಬೀಳೋ ಜಾಗದಲ್ಲಿ ಇಟ್ಟೆ. ಕಾಲು ಗಂಟೆಗೆ ಮುಚ್ಚಳ ತುಂಬಿತು. ಅಂದರೆ ಗಂಟೆಗೆ 60 ಮಿ.ಲೀ. ದಿನಕ್ಕೆ 10 ಗಂಟೆ ಕೆಸರು ಹೊಡೆದರೆ 600 ಮಿ.ಲೀ., ಮೂರು ದಿನಕ್ಕೆ ಹತ್ತಿರ ಹತ್ತಿರ ಎರಡು ಲೀಟರ್. ಅಷ್ಟರಲ್ಲಿ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಕೆಳಗೆ ಹೋಗಿರುತ್ತೆ. ಆಮೇಲೆ ಬೇರಿಂಗ್ ಹೋಗೋದು, ಕ್ರ್ಯಾಂಕ್ ಹಿಡಿಯೋದು ಎಲ್ಲ ಶುರು. ನಾಟಿ ಹೊತ್ತಲ್ಲಿ ಎಂಜಿನ್ ಬಿಚ್ಚಿ ಕೂತರೆ ಆ ಬೆಳೆ ಕಥೆ ಮುಗಿದ ಹಾಗೆ.

ತೊಟ್ಟಿಕ್ಕೋ ಜಾಗವೇ ಸೋರೋ ಜಾಗ ಅಲ್ಲ

ಮೊದಲು ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಬಗ್ಗಿ ನೋಡಿ "ಚೇಂಬರ್ ಪ್ಯಾಕಿಂಗ್ ಹೋಗಿದೆ" ಅಂದರು. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ, ಹೊಸ ಪ್ಯಾಕಿಂಗ್ ಹಾಕಿ, ಹೊಸ ಆಯಿಲ್ ತುಂಬೋಕೆ ಒಂದೂವರೆ ದಿನ, ಏಳು ಸಾವಿರ ಚಿಲ್ಲರೆ ಆಯಿತು. ಎರಡೇ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಹನಿ!

ಸೋರುತ್ತಿದ್ದದ್ದು ಚೇಂಬರ್ ಅಲ್ಲವೇ ಅಲ್ಲ, ಎಂಜಿನ್ ಮೇಲಿನ ಟ್ಯಾಪೆಟ್ ಕವರ್. ಅದರ ಹಿಂದಿನ ಮೂಲೆಯಿಂದ ಆಯಿಲ್ ಜಿನುಗಿ, ಎಂಜಿನ್ ಬೆನ್ನ ಮೇಲೆ ಇಳಿದು, ಚೇಂಬರ್ ಅಂಚಿಗೆ ಬಂದು ತೊಟ್ಟಿಕ್ಕುತ್ತಿತ್ತು. ಆಯಿಲ್ ಯಾವಾಗಲೂ ಕೆಳಗೆ ಹರಿಯುತ್ತೆ. ಫ್ಯಾನ್ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತೆ. ಹಾಗಾಗಿ ಒದ್ದೆ ಇರೋ ಜಾಗದಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಅಂತ ನೋಡಬೇಕು.

ಹುಡುಕೋದು ಸುಲಭ. ತಣ್ಣಗಿರೋ ಎಂಜಿನ್ನನ್ನು ಡೀಸೆಲ್ ಮತ್ತು ಬ್ರಶ್‌ನಿಂದ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಿ. ಅನುಮಾನ ಇರೋ ಜೋಡಣೆಗಳ ಮೇಲೆಲ್ಲ ಮುಖಕ್ಕೆ ಹಚ್ಚೋ ಟಾಲ್ಕಮ್ ಪೌಡರ್ ಉದುರಿಸಿ. ಎಂಜಿನ್ 15-20 ನಿಮಿಷ ಓಡಿಸಿ, ಬಂದ್ ಮಾಡಿ ಟಾರ್ಚ್ ಹಾಕಿ ನೋಡಿ. ಪೌಡರ್ ಮೊದಲು ಒದ್ದೆಯಾಗಿ ಕಪ್ಪಾದ ಜಾಗವೇ ನಿಮ್ಮ ಸೋರಿಕೆ. ಎಂಜಿನ್ ಓಡುವಾಗ ಫ್ಯಾನ್ ಬೆಲ್ಟ್ ಹತ್ತಿರ ಹೋಗಬೇಡಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ.

ನಾನು ಮಾಡಿದ ತಪ್ಪು

ಟ್ಯಾಪೆಟ್ ಕವರ್ ಪ್ಯಾಕಿಂಗ್ ಸಾಮಾನ್ಯವಾಗಿ ಕಾರ್ಕ್‌ನದು, ಇಲ್ಲವೇ ರಬ್ಬರಿನದು. ವರ್ಷಗಟ್ಟಲೆ ಬಿಸಿ ತಿಂದು ಗಟ್ಟಿಯಾಗುತ್ತೆ, ಕುಗ್ಗುತ್ತೆ, ಬಿರುಕು ಬಿಡುತ್ತೆ. ಹೊಸದನ್ನು ನೂರೈವತ್ತು ರೂಪಾಯಿ ಒಳಗೆ ತಂದೆ. ಹಳೇದು ತೆಗೆದು ಹೊಸದು ಕೂರಿಸಿ, ಇನ್ನು ಸೋರಲೇಬಾರದು ಅಂತ ಆರೂ ಬೋಲ್ಟ್ ಶಕ್ತಿ ಹಾಕಿ ತಿರುವಿದೆ. ಮಾರನೇ ದಿನ ಮೊದಲಿಗಿಂತ ಜಾಸ್ತಿ ಸೋರಿತು.

ಬಿಚ್ಚಿ ನೋಡಿದರೆ ಬೋಲ್ಟ್ ಇರೋ ಕಡೆಯೆಲ್ಲ ಕಾರ್ಕ್ ಹಿಂಡಿ ಹೊರಗೆ ಬಂದಿತ್ತು, ಎರಡು ಕಡೆ ಸೀಳಿತ್ತು. ತಗಡಿನ ಕವರ್ ಬೋಲ್ಟ್ ತೂತಿನ ಸುತ್ತ ತಗ್ಗಾಗಿ, ನಡುವೆ ಉಬ್ಬಿತ್ತು. ಬಿಗಿ ಕಮ್ಮಿಯಾದರೆ ಇನ್ನೊಂದು ಸುತ್ತು ಕೊಡಬಹುದು, ಜಾಸ್ತಿಯಾದರೆ ಹೊಸ ಪ್ಯಾಕಿಂಗೇ ಗತಿ.

ಸರಿಯಾಗಿ ಮಾಡುವ ವಿಧಾನ

1. ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಧೂಳು, ಹೊಟ್ಟು ಹಾರುವ ಕಡೆ, ಒಕ್ಕಣೆ ನಡೆಯುವ ಕಡೆ ಈ ಕೆಲಸ ಬೇಡ.

2. ಬಿಚ್ಚುವ ಮೊದಲೇ ಕವರ್ ಸುತ್ತ ಚೆನ್ನಾಗಿ ಒರೆಸಿ. ಇಲ್ಲದಿದ್ದರೆ ಮಣ್ಣು ಒಳಗೆ ಬೀಳುತ್ತೆ. ಬೋಲ್ಟ್‌ಗಳನ್ನು ಯಾವ ತೂತಿನದು ಯಾವುದು ಅಂತ ಸಾಲಾಗಿ ಇಡಿ.

3. ಕವರ್ ಅಂಟಿಕೊಂಡಿದ್ದರೆ ಮರದ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಿದರೆ ಅಂಚಿಗೆ ಗೀರು ಬಿದ್ದು ಅಲ್ಲೇ ಮತ್ತೆ ಸೋರುತ್ತೆ.

4. ಒಳಗಿನ ಭಾಗಕ್ಕೆ ಶುದ್ಧ ಬಟ್ಟೆ ಮುಚ್ಚಿ. ಹಳೇ ಪ್ಯಾಕಿಂಗನ್ನು ಎಣ್ಣೆಯಲ್ಲಿ ನೆನೆಸಿ, ಮೊಂಡು ಬ್ಲೇಡಿನಿಂದ ಕೆರೆದು ತೆಗೆಯಿರಿ. ಹಳೇ ಗಾಡಿಗಳ ಪ್ಯಾಕಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಒಣಗಿದ್ದನ್ನು ಗ್ರೈಂಡರ್, ಮರಳು ಕಾಗದದಿಂದ ಉಜ್ಜಲೇಬೇಡಿ.

5. ಕವರನ್ನು ಸಮತಟ್ಟಾದ ಗಾಜು ಅಥವಾ ಗ್ರಾನೈಟ್ ಮೇಲೆ ಬೋರಲಿಟ್ಟು ನೋಡಿ. ಅಲುಗಾಡಿದರೆ, ಬೋಲ್ಟ್ ತೂತಿನ ಸುತ್ತ ತಗ್ಗಿದ್ದರೆ, ಮರದ ತುಂಡಿನ ಮೇಲಿಟ್ಟು ಹಿಂದಿನಿಂದ ತಟ್ಟಿ ಸಮ ಮಾಡಿ. ಅಲ್ಯೂಮಿನಿಯಂ ಎರಕದ ಕವರ್ ಆದರೆ ತಟ್ಟಬೇಡಿ, ಒಡೆಯುತ್ತೆ.

6. ಎರಡೂ ಮುಖ ಒರೆಸಿ ಪೂರ್ತಿ ಒಣಗಿಸಿ. ಪ್ಯಾಕಿಂಗ್ ಜಾರದಂತೆ ಕವರ್ ಕಡೆಗೆ ಮಾತ್ರ ತೆಳ್ಳಗೆ ಗ್ಯಾಸ್ಕೆಟ್ ಪೇಸ್ಟ್ ಸವರಬಹುದು. ಸಿಲಿಕಾನ್ ಮೆತ್ತಿದರೆ ಒಳ್ಳೇದು ಅನ್ನೋದು ತಪ್ಪು. ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತೆ. ಸೋರಿಕೆ ನಿಲ್ಲಿಸಲು ಹೋಗಿ ಎಂಜಿನ್ನೇ ಕಳೆದುಕೊಳ್ಳಬೇಕಾಗುತ್ತೆ.

7. ಎಲ್ಲ ಬೋಲ್ಟ್ ಕೈಯಲ್ಲೇ ಹತ್ತಿಸಿ. ಆಮೇಲೆ ನಡುವಿನಿಂದ ಶುರು ಮಾಡಿ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. 10 ನಂಬರ್ ಸ್ಪ್ಯಾನರ್‌ನ ಸಣ್ಣ ಬೋಲ್ಟ್ ಆದರೆ ಎರಡು ಬೆರಳಿನ ಬಲ ಸಾಕು. ಪ್ಯಾಕಿಂಗ್ ಎಲ್ಲ ಕಡೆ ಒಂದೇ ಸಮ ಒತ್ತಿದ್ದು ಕಂಡರೆ ನಿಲ್ಲಿಸಿ. ಗಾಡಿ ಪುಸ್ತಕದಲ್ಲಿ ಟಾರ್ಕ್ ಕೊಟ್ಟಿದ್ದರೆ ಅದೇ ಕೊನೆ ಮಾತು.

8. ಅರ್ಧ ಗಂಟೆ ಓಡಿಸಿ, ತಣ್ಣಗಾದ ಮೇಲೆ ಬಿಗಿ ಒಮ್ಮೆ ನೋಡಿ. ಆಯಿಲ್ ಮಟ್ಟವನ್ನೂ ನೋಡಿ. ಮೇಲಿನ ಗೆರೆ ದಾಟಿ ತುಂಬಿದರೂ ಸೋರುತ್ತೆ.

ಬ್ರೀದರ್ ಮರೆಯಬೇಡಿ

ನಾನು ಎರಡನೇ ಸಲ ಕವರ್ ಬಿಚ್ಚಿ ಕೂತಾಗ ಪಕ್ಕದ ಹೊಲದ ಹಿರಿಯರೊಬ್ಬರು ಬಂದು, "ಉಸಿರು ಪೈಪ್ ನೋಡಿದೆಯೇನಪ್ಪಾ?" ಅಂದರು. ಟ್ಯಾಪೆಟ್ ಕವರಿನಿಂದ ಕೆಳಗೆ ಇಳಿಯೋ ಬ್ರೀದರ್ ಪೈಪಿನ ತುದಿ ನೋಡಿದರೆ ಗದ್ದೆ ಕೆಸರು ಮೆತ್ತಿಕೊಂಡು ಒಣಗಿ ಬಿರಡೆ ಹಾಕಿದಂತೆ ಮುಚ್ಚಿತ್ತು.

ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಹೊಗೆ ಯಾವಾಗಲೂ ಕೆಳಗೆ ಇಳಿಯುತ್ತೆ. ಅದು ಹೊರಗೆ ಹೋಗೋ ದಾರಿ ಈ ಬ್ರೀದರ್. ದಾರಿ ಮುಚ್ಚಿದರೆ ಒಳಗೆ ಒತ್ತಡ ಏರಿ, ಎಲ್ಲಿ ಪ್ಯಾಕಿಂಗ್ ದುರ್ಬಲವೋ ಅಲ್ಲಿಂದ ಆಯಿಲ್ ತಳ್ಳುತ್ತೆ. ನನ್ನ ಹೊಸ ಪ್ಯಾಕಿಂಗ್ ಎಷ್ಟೇ ಚೆನ್ನಾಗಿ ಕೂರಿಸಿದ್ದರೂ ಹೆಚ್ಚು ದಿನ ಬಾಳುತ್ತಿರಲಿಲ್ಲ. ತಂತಿ ಹಾಕಿ ಕೆಸರು ತೆಗೆದು, ಪೈಪನ್ನು ಡೀಸೆಲ್‌ನಲ್ಲಿ ತೊಳೆದೆ. ಗದ್ದೆ ಕೆಲಸ ಮಾಡುವ ಟ್ರ್ಯಾಕ್ಟರ್, ಪವರ್ ಟಿಲ್ಲರ್ ಇರುವವರು ಪ್ರತಿ ಸೀಸನ್‌ಗೂ ಇದನ್ನು ನೋಡಲೇಬೇಕು.

ಬ್ರೀದರ್ ಶುಚಿ ಮಾಡಿದ ಮೇಲೂ, ಎಂಜಿನ್ ನಿಧಾನ ಓಡುವಾಗ ಆಯಿಲ್ ಕ್ಯಾಪ್ ಮೆಲ್ಲಗೆ ಸಡಿಲಿಸಿದರೆ ಬುಸ್ ಬುಸ್ ಅಂತ ಹೊಗೆ ಬರುತ್ತಿದ್ದರೆ ರಿಂಗ್ ಸವೆದಿರಬಹುದು. ಅದಕ್ಕೆ ಪ್ಯಾಕಿಂಗ್ ಮದ್ದಲ್ಲ.

ಮನೆಯಲ್ಲೇ ಆಗುವ ಇನ್ನೆರಡು ಕೆಲಸ

ಡ್ರೈನ್ ಪ್ಲಗ್ ಸೋರುತ್ತಿದ್ದರೆ ಮುಂದಿನ ಆಯಿಲ್ ಬದಲಾವಣೆಗೆ ಅದರ ತಾಮ್ರದ ವಾಷರ್ ಹೊಸದು ಹಾಕಿ. ಹೊಸದು ಸಿಗದಿದ್ದರೆ ಹಳೇದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆದುವಾಗಿ ಚೆನ್ನಾಗಿ ಕೂರುತ್ತೆ.

ಸಣ್ಣ ಸೈಡ್ ಕವರ್‌ಗಳಿಗೆ ಆಯಿಲ್ ತಡೆಯೋ ಗ್ಯಾಸ್ಕೆಟ್ ಶೀಟ್ ತಂದು ನೀವೇ ಕತ್ತರಿಸಬಹುದು. ದಪ್ಪ ಹಳೇದರಷ್ಟೇ ಇರಬೇಕು. ಕ್ಯಾಲೆಂಡರ್ ರಟ್ಟು ಬೇಡ.

ಇಲ್ಲಿ ಕೈ ಹಾಕಬೇಡಿ

ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಎರಕದ ಚೇಂಬರ್ ಮುಂದಿನ ಆಕ್ಸಲ್ ಭಾರವನ್ನೂ ಹೊರುತ್ತೆ. ಸರಿಯಾದ ಆಸರೆ ಕೊಡದೆ ಬಿಚ್ಚಿದರೆ ಗಾಡಿ ಮೈಮೇಲೆ ಬರುತ್ತೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕ್ಲಚ್ ಹೌಸಿಂಗ್ ತಳದ ತೂತಿನಿಂದ ಎಂಜಿನ್ ಆಯಿಲ್ ಬಂದರೆ ಅದು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಗಾಡಿ ಎರಡು ಭಾಗ ಮಾಡಬೇಕು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಹೆಡ್ ಪ್ಯಾಕಿಂಗ್ ಹೋಗಿರಬಹುದು. ಮಟ್ಟ ತಾನಾಗೇ ಏರಿ, ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಡೀಸೆಲ್ ಇಳಿಯುತ್ತಿದೆ. ಈ ಕೊನೆಯ ಎರಡರಲ್ಲಿ ಎಂಜಿನ್ ಚಾಲೂ ಮಾಡದೆ ಒಳ್ಳೇ ಮೆಕ್ಯಾನಿಕ್ ಕರೆಸಿ. ಈ ಕೆಲಸಗಳಿಗೆ ಕೊಡೋ ಕೂಲಿ ನ್ಯಾಯವಾದದ್ದೇ.

ಒರೆಸಿದ ಬಟ್ಟೆ, ಹಳೇ ಆಯಿಲ್ ಗದ್ದೆಗೋ ನಾಲೆಗೋ ಹಾಕಬೇಡಿ. ಬಳಸಿದ ಆಯಿಲ್ ಕಾನೂನಿನ ಪ್ರಕಾರವೂ ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿಟ್ಟು ಆಯಿಲ್ ತಗೊಳ್ಳೋ ಗ್ಯಾರೇಜಿಗೆ ಕೊಡಿ. ಕೈಗೆ ಗ್ಲೌಸ್ ಹಾಕಿ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆಯಿರಿ.

ಆ ಎಣ್ಣೆ ಬಿದ್ದ ಹುಲ್ಲನ್ನು ತೆಗೆದು ಬೇರೆ ಹಾಕಿದೆವು, ದನಕ್ಕೆ ಕೊಡಲಿಲ್ಲ. ಈಗ ಟ್ರ್ಯಾಕ್ಟರ್ ನಿಲ್ಲಿಸೋ ಜಾಗದಲ್ಲಿ ಹಳೇ ರಟ್ಟು ಒಂದನ್ನು ಹಾಸಿರ್ತೀನಿ. ದಿನಾ ಬೆಳಿಗ್ಗೆ ಮೊದಲು ರಟ್ಟು, ಆಮೇಲೆ ಡಿಪ್‌ಸ್ಟಿಕ್, ಆಮೇಲೆ ಚಾವಿ. ರಟ್ಟಿನ ಮೇಲೆ ಹೊಸ ಹನಿ ಕಂಡರೆ ಅವತ್ತೇ ಪೌಡರ್ ಡಬ್ಬಿ ಹೊರಗೆ ಬರುತ್ತೆ. ನೀವೂ ಇವತ್ತು ರಾತ್ರಿ ನಿಮ್ಮ ಗಾಡಿ ಕೆಳಗೆ ಒಂದು ರಟ್ಟು ಹಾಸಿ ನೋಡಿ.